ಕ್ಯಾನ್ಸರ್ ಸಂಶೋಧನೆ: ರೋಗಿಗಳ ಮಾತೂ ಕೇಳಲಿ

ಮಾನ್ಯರೇ,

ಕ್ಯಾನ್ಸರ್ ಔಷಧಗಳ ಪ್ರಯೋಗ ಹೇಗೆ ನಡೆಯಬೇಕು ಎಂಬ ತೀರ್ಮಾನದಲ್ಲಿ ಕಾಯಿಲೆ ಅನುಭವಿಸಿದವರ ಮಾತಿಗೂ ಜಾಗ ಬೇಕು. ಪ್ರಯೋಗಕ್ಕೆ ಅನುಮತಿ ಕೊಡುವ ನೈತಿಕ ಸಮಿತಿಯಲ್ಲಿ ಒಬ್ಬ ಜನಸಾಮಾನ್ಯ ಇರಲೇಬೇಕು ಎಂದು ಕೇಂದ್ರ ಸರ್ಕಾರದ 2019ರ ಔಷಧ ಪ್ರಯೋಗ ನಿಯಮಗಳು ಹೇಳುತ್ತವೆ, ನಿಜ. ಆದರೆ ಅವರು ಕ್ಯಾನ್ಸರಿನ ಕಿಮೋ ಚಿಕಿತ್ಸೆ ಕಂಡವರೇ ಆಗಿರಬೇಕೆಂದೇನಿಲ್ಲ.

ವ್ಯತ್ಯಾಸ ಇರುವುದು ಅಲ್ಲೇ. ಮೂರು ವಾರಕ್ಕೊಮ್ಮೆ ತಪಾಸಣೆಗೆ ಬನ್ನಿ ಎಂದು ಪ್ರಯೋಗದ ಯೋಜನೆಯಲ್ಲಿ ಬರೆಯುವುದು ಸುಲಭ. ಸಿಂಧನೂರಿನ ಕೂಲಿ ಹೆಣ್ಣುಮಗಳು ಬೆಂಗಳೂರಿಗೆ ಹೋಗಬೇಕೆಂದರೆ ರಾತ್ರಿಯಿಡೀ ಬಸ್ಸು, ಜೊತೆಗೊಬ್ಬರು, ಇಬ್ಬರ ಕೂಲಿಯೂ ಖೋತಾ. ಭತ್ತದ ನಾಟಿ ಹೊತ್ತಿನಲ್ಲಂತೂ ಕೇಳುವುದೇ ಬೇಡ. ಇನ್ನು ಒಪ್ಪಿಗೆ ಪತ್ರ, ಕನ್ನಡದಲ್ಲಿದ್ದರೂ ಕೋರ್ಟಿನ ಕಾಗದದ ಹಾಗೆ. ಬೇಡವೆನಿಸಿದಾಗ ಪ್ರಯೋಗ ಬಿಟ್ಟು ಹೊರಬರಬಹುದು ಎಂಬ ಮಾತು ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಇರಬೇಕಲ್ವಾ?

ಬಳ್ಳಾರಿ, ರಾಯಚೂರು, ಕೊಪ್ಪಳದ ವೈದ್ಯಕೀಯ ಕಾಲೇಜುಗಳು ಗುಣವಾದ ಇಬ್ಬರು ಮೂವರು ರೋಗಿಗಳನ್ನೋ ಅವರ ಆರೈಕೆ ಮಾಡಿದ ಮನೆಯವರನ್ನೋ ಸ್ವಯಂಸೇವಕರಾಗಿ ಕರೆಯಲಿ. ಒಂದಿಷ್ಟು ತರಬೇತಿ ಕೊಟ್ಟು, ಸಂಶೋಧನೆಯ ಯೋಜನೆ ಪಕ್ಕಾ ಆಗುವ ಮೊದಲೇ ಅವರ ಅಭಿಪ್ರಾಯ ಪಡೆಯಲಿ. ಬಸ್ ಚಾರ್ಜು, ಆ ದಿನದ ಕೂಲಿ ಮಾತ್ರ ಕಾಲೇಜೇ ಕೊಡಬೇಕು. ಸೇವೆ ಎಂದು ಸುಮ್ನೆ ದುಡಿಸಿಕೊಳ್ಳುವುದು ಸರಿಯಲ್ಲ.

– ಒಬ್ಬ ಓದುಗ, ಸಿಂಧನೂರು