ಬರೆದಿಟ್ಟದ್ದು ಬೇಕಾದಾಗ ಸಿಗಬೇಕು

ಗಂಗಾವತಿ

ಚಿ. ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಆರಾಮ.

ಕೃಷಿ ಕಾಲೇಜಿನ ನೋಟ್ಸ್ ರಾಶಿ ಬಿದ್ದಿದೆ, ಓದಿದ್ದು ಒಂದೂ ನೆನಪಿಗೆ ಬರುವುದಿಲ್ಲ ಎಂದು ಫೋನಿನಲ್ಲಿ ಬೇಸರ ಮಾಡಿಕೊಂಡೆಯಲ್ಲ, ಹೆದರಬೇಡ ತಾಯಿ. ಮತ್ತೆ ಮುಟ್ಟದಿದ್ದರೆ ಎಂಥವರಿಗೂ ಮರೆಯುತ್ತದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಲ್ಲೇ ಇದನ್ನು ತನ್ನ ಮೇಲೆಯೇ ಪರೀಕ್ಷೆ ಮಾಡಿ ತೋರಿಸಿದ್ದಾನೆ.

ಭತ್ತದ ಬೆಂಕಿ ರೋಗದ ಪಾಠವನ್ನೇ ತೆಗೆದುಕೋ. ಎರಡನೇ ಸಲ ಓದುವಾಗ ಮುಖ್ಯವೆನಿಸಿದ ಸಾಲಿಗೆ ಗೆರೆ ಎಳೆ, ಅಷ್ಟು ಸಾಕು. ಅದು ಕೆಲಸಕ್ಕೆ ಬಂದ ದಿನ ಗೆರೆ ಎಳೆದದ್ದನ್ನಷ್ಟೇ ನೋಡಿ, ಪುಸ್ತಕ ಮುಚ್ಚಿ, ನಿನ್ನ ಮಾತಿನಲ್ಲಿ ಒಂದು ಚೀಟಿಗೆ ಬರೆ: "ಎರಡೂ ತುದಿ ಚೂಪಾದ ಚುಕ್ಕೆ, ನಡುವೆ ಬೂದಿ ಬಣ್ಣ, ಅಂಚು ಕಂದು. ರಾತ್ರಿ ತಂಪು, ಇಬ್ಬನಿ, ಯೂರಿಯಾ ಜಾಸ್ತಿ ಆದ ಗದ್ದೆಯಲ್ಲಿ ಜೋರು." ಎಲ್ಲ ಪಾಠವನ್ನೂ ಒಂದೇ ಸಲಕ್ಕೆ ಮೊಟಕು ಮಾಡಲು ಕೂರಬೇಡ. ಯಾವುದು ಬೇಕಾಗುತ್ತದೆ ಎಂದು ಆಗ ಗೊತ್ತಿರುವುದಿಲ್ಲ.

ತಲೆಬರಹ ಬಹಳ ಮುಖ್ಯ. "ಸಸ್ಯರೋಗ, ಮೂರನೇ ಅಧ್ಯಾಯ" ಎಂದು ಬರೆದರೆ ಪರೀಕ್ಷೆಗಷ್ಟೇ ಆಯಿತು. ನಾಳೆ ರೈತ ಸಂಪರ್ಕ ಕೇಂದ್ರದಲ್ಲಿ ಕೂತಾಗ ರೈತ ನಿನ್ನ ಮುಂದೆ ಎಲೆ ಹಿಡಿದುಕೊಂಡು ನಿಲ್ಲುತ್ತಾನೆ. ಅದಕ್ಕೆ "ಭತ್ತದ ಎಲೆ ಮೇಲೆ ಚುಕ್ಕೆ" ಎಂದೇ ಬರೆ. ಆಗ ಕಂದು ಚುಕ್ಕೆ ರೋಗವೂ ಅದೇ ಚೀಟಿಗೆ ಬರುತ್ತದೆ: ಅದರ ಚುಕ್ಕೆ ಎಳ್ಳಿನ ಆಕಾರ, ಸಾರವಿಲ್ಲದ ಹೊಲದಲ್ಲಿ ಹೆಚ್ಚು. ಒಂದು ಯೂರಿಯಾ ಹೆಚ್ಚಾದರೆ ಜೋರು, ಇನ್ನೊಂದು ಗೊಬ್ಬರ ಸಾಲದಿದ್ದರೆ ಜೋರು! ಬೇರೆ ಬೇರೆ ಪುಟದಲ್ಲಿದ್ದಾಗ ಈ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ.

ಚಿಕ್ಕದು ಮಾಡುವ ಆಸೆಗೆ ಹೆಸರು, ಊರು, ವರ್ಷ ಮಾತ್ರ ಬಿಡಬೇಡ. ನಮ್ಮ ಮಸ್ಕಿಯ ಶಾಸನ 1915ರಲ್ಲಿ ಸಿಗುವ ತನಕ ದೊರೆತಿದ್ದ ಅಶೋಕನ ಶಾಸನಗಳಲ್ಲಿ ಅವನ ಹೆಸರಿರಲಿಲ್ಲ, "ದೇವಾನಾಂಪ್ರಿಯ", "ಪ್ರಿಯದರ್ಶಿ" ಎಂಬ ಬಿರುದುಗಳೇ ಇದ್ದವು. ಮಸ್ಕಿಯ ಬಂಡೆಯ ಮೇಲೆ "ಅಶೋಕ" ಎಂಬ ಹೆಸರು ಇದ್ದದ್ದಕ್ಕೆ ಆ ಬಿರುದುಗಳು ಯಾರವು ಎಂಬುದು ಖಚಿತವಾಯಿತು. ನೀನೂ ಔಷಧದ ಹೆಸರಿನ ಪಕ್ಕ ಲೀಟರಿಗೆ ಎಷ್ಟು, ಯಾವ ವರ್ಷದ ಶಿಫಾರಸು ಎಂಬುದನ್ನು ತಪ್ಪದೆ ಬರೆ. ಶಿಫಾರಸು ಬದಲಾಗುತ್ತಿರುತ್ತದೆ, ಹಳೆಯದನ್ನು ನಂಬಿ ರೈತನಿಗೆ ಹೇಳಿದರೆ ಬೆಳೆ ಹೋಗುವುದು ಅವನದು.

ಮೂಲ ನೋಟ್‌ಬುಕ್ ರದ್ದಿಗೆ ಹಾಕಬೇಡ. ಚೀಟಿಯ ಮೂಲೆಯಲ್ಲಿ ಅದರ ಪುಟದ ಸಂಖ್ಯೆ ಇರಲಿ. ದಸರಾಕ್ಕೆ ಬರುವಾಗ ಈ ಚೀಟಿ ತಗೊಂಡು ಬಾ, ಗದ್ದೆಗೆ ಹೋಗಿ ಎಲೆಯ ಪಕ್ಕ ಇಟ್ಟು ನೋಡೋಣ.

ಇಂತಿ,
ನಿನ್ನ ದೊಡ್ಡಪ್ಪ