ಹಳೆಯ ದರ್ಬಾರು ಚಿತ್ರಗಳಲ್ಲಿ ನಿಂತವರ ಹೆಸರು

ಸಂಪಾದಕರಿಗೆ,
ಮಾನ್ಯರೇ,

ದಸರಾ ಹತ್ತಿರವಾದಂತೆ ಪತ್ರಿಕೆಗಳಲ್ಲಿ ಮೈಸೂರು ಅರಮನೆಯ ಹಳೆಯ ದರ್ಬಾರು ಛಾಯಾಚಿತ್ರಗಳು ಪ್ರಕಟವಾಗುತ್ತವೆ. ಕೆಳಗೆ ಮಹಾರಾಜರ ಹೆಸರು, ಕೆಲವೊಮ್ಮೆ ದಿವಾನರ ಹೆಸರು ಬಿಟ್ಟರೆ ಬೇರೇನೂ ಇರುವುದಿಲ್ಲ. ಸಿಂಹಾಸನಕ್ಕೆ ಯಾರು ಎಷ್ಟು ದೂರ, ಯಾರಿಗೆ ಆಸನ, ಚಾಮರ ಹಿಡಿದು ನಿಲ್ಲಬೇಕಾದವರು ಯಾರು ಎಂಬುದನ್ನೆಲ್ಲ ಕಣ್ಣಿಗೆ ಕಟ್ಟುವಂತೆ ತೋರಿಸುವ ಈ ಚಿತ್ರಗಳಿಗೆ ಇಷ್ಟು ಕಿರಿದಾದ ಅಡಿಬರಹ ಸಾಲದು. ಯುರೋಪಿಯನ್ನರಿಗೆಂದು ಪ್ರತ್ಯೇಕ ದರ್ಬಾರೇ ನಡೆಯುತ್ತಿದ್ದ ಕಾಲವದು.

ಅಂದಿನ ಜನ ಬಿಗಿದುಕೊಂಡು ನಿಲ್ಲುತ್ತಿದ್ದುದಕ್ಕೆ ಕ್ಯಾಮೆರಾವೇ ಕಾರಣವೆನ್ನುವುದು ಅರ್ಧ ನಿಜ. ರಾಸಾಯನಿಕ ಲೇಪಿಸಿದ ಗಾಜಿನ ಒದ್ದೆ ಫಲಕಗಳ ಮೇಲೆ ಚಿತ್ರ ತೆಗೆಯುತ್ತಿದ್ದ ಕಾಲದಲ್ಲಿ ಹಲವು ಸೆಕೆಂಡು ಅಲುಗಾಡದೆ ಇರಬೇಕಿತ್ತು. 1880ರ ದಶಕದಲ್ಲಿ ಬೇಗ ಚಿತ್ರ ಹಿಡಿಯುವ ಒಣ ಫಲಕಗಳು ಬಳಕೆಗೆ ಬಂದ ಮೇಲೆ ಆ ನಿರ್ಬಂಧ ಬಹುಮಟ್ಟಿಗೆ ತಪ್ಪಿತು. ಆದರೂ ಬಿಗಿ ಉಳಿಯಿತು, ಏಕೆಂದರೆ ಅದು ಮರ್ಯಾದೆಯ ಭಾಗವಾಗಿತ್ತು. ಹೈದರಾಬಾದಿನಲ್ಲಿ ಛಾಯಾಗ್ರಾಹಕ ಲಾಲಾ ದೀನ್ ದಯಾಳರು 1892ರಲ್ಲಿ ಗೋಷಾ (ಪರದೆ ಪದ್ಧತಿ) ಪಾಲಿಸುವ ಹೆಂಗಸರಿಗೆಂದೇ ಬೇರೆ ಸ್ಟುಡಿಯೊ ತೆರೆದದ್ದೂ ಮನೆತನದ ಮರ್ಯಾದೆಗಾಗಿಯೇ.

ನಮ್ಮ ಮನೆಯಲ್ಲಿರುವ ಹಳೆಯ ಮದುವೆಯ ಗುಂಪು ಚಿತ್ರವೊಂದರಲ್ಲಿ ಕೋಟು, ಪೇಟ ಧರಿಸಿದ ಹಿರಿಯರು ಮೊಣಕಾಲ ಮೇಲೆ ಕೈಯಿಟ್ಟು ಕುರ್ಚಿಗಳಲ್ಲಿದ್ದಾರೆ, ಕಿರಿಯ ಗಂಡಸರು ಹಿಂದೆ ನಿಂತಿದ್ದಾರೆ, ಮಕ್ಕಳು ಜಮಖಾನದ ಮೇಲಿದ್ದಾರೆ. ಬಲತುದಿಯಲ್ಲಿ ಬರಿಮೈಯ ಆಳೊಬ್ಬ ಮಡಿಸಿದ ಕೊಡೆ ಹಿಡಿದಿದ್ದಾನೆ. ಕಟ್ಟು ಹಾಕಿಸುವಾಗ ಅವನ ಒಂದು ಭುಜ ರಟ್ಟಿನಡಿ ಸೇರಿದೆ. ಕುಳಿತವರ ಹೆಸರುಗಳು ಹಿಂಬದಿಯಲ್ಲಿ ಶಾಯಿಯಲ್ಲಿವೆ, ಅವನದಿಲ್ಲ. ಅವನ ಹೆಸರು ಬಲ್ಲವರು ಈಗ ನಮ್ಮಲ್ಲಿ ಯಾರೂ ಉಳಿದಿಲ್ಲವೆಂಬುದು ನನ್ನನ್ನು ಬಹಳ ನೋಯಿಸುತ್ತದೆ.

ಮೈಸೂರು ಅರಮನೆಯ ಕಲ್ಯಾಣ ಮಂಟಪದ ಗೋಡೆಗಳಲ್ಲಿರುವ ದಸರಾ ಮೆರವಣಿಗೆಯ 26 ವರ್ಣಚಿತ್ರಗಳನ್ನು ಆ ಕಾಲದ ಛಾಯಾಚಿತ್ರಗಳನ್ನು ಆಧರಿಸಿಯೇ ರಚಿಸಲಾಗಿದೆ. ಆದ್ದರಿಂದ ಅಲ್ಲಿನ ಎಷ್ಟೋ ಮುಖಗಳು ಕಲಾವಿದನ ಕಲ್ಪನೆಯವಲ್ಲ, ಬದುಕಿ ಬಾಳಿದ ಮನುಷ್ಯರವು. ಮಾವುತರು, ವಾದ್ಯದವರು, ಊಳಿಗದವರ ಮೊಮ್ಮಕ್ಕಳು ಇನ್ನೂ ಮೈಸೂರು ಸುತ್ತಮುತ್ತ ಇರಬಹುದು.

ಹಳೆಯ ಚಿತ್ರಗಳನ್ನು ಅಚ್ಚುಹಾಕುವಾಗ ಅಂಚುಗಳನ್ನು ಕತ್ತರಿಸದೆ, ವರ್ಷ, ಸಂದರ್ಭ ಮತ್ತು ಛಾಯಾಗ್ರಾಹಕರ ಹೆಸರನ್ನು ತಿಳಿದಷ್ಟು ಕೊಟ್ಟು, ನಿಂತವರನ್ನು ಬಲ್ಲವರು ಪತ್ರಿಕೆಗೆ ಬರೆಯಬೇಕೆಂದು ಓದುಗರನ್ನು ಕೋರಬೇಕಾಗಿ ವಿನಂತಿ. ಈ ದಸರೆಯಿಂದಲೇ ಇದನ್ನು ಆರಂಭಿಸಬಹುದು.

ಇತಿ,
ಓರ್ವ ಓದುಗ, ಮೈಸೂರು