ಹಳೆಯ ಕಾರ್ಬನ್ ಸೈಕಲ್ ಕೊಳ್ಳುವ ಮುನ್ನ ಕೀಲು ನೋಡಿ

ಮಾನ್ಯ ಸಂಪಾದಕರೇ,

ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಸೈಕಲ್ ಸ್ಪರ್ಧೆ ಎಂದರೆ ಏನೆಂದು ಯಾರಿಗೂ ವಿವರಿಸಬೇಕಾಗಿಲ್ಲ. ಇಲ್ಲಿನ ಕ್ರೀಡಾ ನಿಲಯಗಳಲ್ಲಿ, ಬೆಳಗಾವಿ ಜಿಲ್ಲೆಯ ಚಂದರಗಿಯ ಕ್ರೀಡಾ ಶಾಲೆಯಲ್ಲಿ ತಯಾರಾದ ರೈತರ, ಕೂಲಿಕಾರರ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದು ಬಂದಿದ್ದಾರೆ. ಆದರೆ ಹೊಸ ಕಾರ್ಬನ್ ಫೈಬರ್ ರೋಡ್ ಬೈಕಿನ, ಅಂದರೆ ರಸ್ತೆ ಸ್ಪರ್ಧೆಯ ಸೈಕಲ್ಲಿನ, ಬೆಲೆ ಲಕ್ಷವನ್ನು ದಾಟುವುದರಿಂದ, ನಿಲಯದಲ್ಲಿ ಸೀಟು ಸಿಗದ ಅಥವಾ ಅಲ್ಲಿಂದ ಹೊರಬಿದ್ದ ಮಕ್ಕಳು ಬೆಂಗಳೂರು, ಪುಣೆ, ಮುಂಬೈಗಳಿಂದ ಇಪ್ಪತ್ತು, ಮೂವತ್ತು ವರ್ಷ ಹಳೆಯ ಕಾರ್ಬನ್ ಸೈಕಲ್ಲುಗಳನ್ನು ತರಿಸಿಕೊಳ್ಳುವುದು ಈಚೆಗೆ ಹೆಚ್ಚುತ್ತಿದೆ. ಮೊಬೈಲಿನಲ್ಲಿ ಬಂದ ನಾಲ್ಕು ಫೋಟೊ ನೋಡಿ, ಹಣ ಕಳಿಸಿ, ಬಸ್ಸಿನ ಮೇಲೆ ಬಂದ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚುವ ಈ ವ್ಯವಹಾರದ ಬಗ್ಗೆ, ಮೂವತ್ತು ವರ್ಷ ಮಕ್ಕಳಿಗೆ ಸೈಕಲ್ ತುಳಿಯಲು ಕಲಿಸಿದವನಾಗಿ ಕೆಲವು ಮಾತುಗಳನ್ನು ತಮ್ಮ ಪತ್ರಿಕೆಯ ಮೂಲಕ ಪಾಲಕರ ಗಮನಕ್ಕೆ ತರಬಯಸುತ್ತೇನೆ.

ಎರಡು ವರ್ಷದ ಹಿಂದೆ ನನ್ನ ಅಣ್ಣನ ಮಗ ಇಂಥದೊಂದು ಸೈಕಲ್ ತರಿಸಿದ. ಬೆಲೆ 38 ಸಾವಿರ ರೂಪಾಯಿ. ಅದರಲ್ಲಿ ಹೆಚ್ಚಿನ ಪಾಲು ಅವನ ತಾಯಿ ಮಹಿಳಾ ಸಂಘದಿಂದ ತೆಗೆದ ಸಾಲ. 1990ರ ದಶಕದ ಆರಂಭದ ಫ್ರೇಮ್ ಅದು, ಕಾರ್ಬನ್ ಕೊಳವೆಗಳನ್ನು ಅಲ್ಯೂಮಿನಿಯಂ ಲಗ್ಗುಗಳಿಗೆ, ಅಂದರೆ ಕೊಳವೆಗಳ ತುದಿ ಕೂರುವ ಕೀಲುಗಳಿಗೆ, ಎಪಾಕ್ಸಿ ಅಂಟಿನಿಂದ ಕೂಡಿಸಿದ ಬಗೆಯದು. ಪೆಟ್ಟಿಗೆ ಬಿಚ್ಚಿದಾಗ ಅದರ ಹೊಳಪನ್ನು ಕಂಡು ನಾನೂ ಮೆಚ್ಚಿದೆ. ಸೀಟಿನ ಎತ್ತರ ಇಳಿಸಲು ಹೋದಾಗ ಮಾತ್ರ ಸೀಟನ್ನು ಹೊತ್ತು ಫ್ರೇಮಿನ ಕೊಳವೆಯೊಳಗೆ ಇಳಿಯುವ ಸೀಟ್ ಪೋಸ್ಟ್ ಕದಲಲಿಲ್ಲ. ಮಾರಿದವರಿಗೆ ಫೋನ್ ಮಾಡಿದರೆ, ಸ್ವಲ್ಪ ಎಣ್ಣೆ ಬಿಡಿ, ಬರುತ್ತದೆ ಎಂದರು. ಬರಲಿಲ್ಲ. ಹುಡುಗ ತನ್ನ ಅಳತೆಗಿಂತ ಎರಡು ಸೆಂಟಿಮೀಟರ್ ಎತ್ತರದ ಸೀಟಿನ ಮೇಲೆ ಆರು ತಿಂಗಳು ತುಳಿದ. ಏರಿನಲ್ಲಿ ಎದ್ದು ನಿಂತು ತುಳಿದಾಗಲೆಲ್ಲ ಕೆಳಗಿನಿಂದ ಕಿರ್ ಎಂಬ ಸದ್ದು ಬರುತ್ತಿತ್ತು. ಪೆಡಲಿನದಿರಬೇಕು ಎಂದುಕೊಂಡು ಪೆಡಲ್ ಬದಲಿಸಿದೆವು. ಕೊನೆಗೊಂದು ಬೆಳಿಗ್ಗೆ ಸೊಲ್ಲಾಪುರ ರಸ್ತೆಯಲ್ಲಿ ಪೆಡಲಿನ ಬುಡದ ಲಗ್ಗಿನಿಂದ ಕೆಳಗಿನ ಕೊಳವೆ ಸಡಿಲಿ, ಫ್ರೇಮ್ ಕಾಲ ಕೆಳಗೇ ತಿರುಚಿಕೊಂಡಿತು. ವೇಗ ಕಡಿಮೆ ಇದ್ದುದರಿಂದ ಮೊಣಕೈ ತರಚಿಕೊಂಡು ಉಳಿದ. ಅದೇ ಇಳಿಜಾರಾಗಿದ್ದರೆ ಏನಾಗುತ್ತಿತ್ತೆಂದು ನೆನೆಯಲು ನನಗೆ ಈಗಲೂ ಮನಸ್ಸಾಗುವುದಿಲ್ಲ. ಆ ಸದ್ದು ಏನು ಹೇಳುತ್ತಿತ್ತೆಂದು ನನಗೆ ತಿಳಿಯಬೇಕಿತ್ತು.

ಇದನ್ನು ಹೇಳಿದ ಕೂಡಲೇ ಹಲವರು, ಕಾರ್ಬನ್ ಎಂದರೆ ಪ್ಲಾಸ್ಟಿಕ್, ಹಳೆಯದಾದರೆ ಮುರಿಯುತ್ತದೆ ಎನ್ನುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಅಲ್ಯೂಮಿನಿಯಂ ತುಳಿದಷ್ಟೂ ದಣಿಯುವ ಲೋಹ. ಕಾರ್ಬನ್ ನೂಲನ್ನು ಅಂಟಿನಲ್ಲಿ ಅದ್ದಿ ಕಟ್ಟಿದ ಕೊಳವೆ, ಪೆಟ್ಟು ಬೀಳದಿದ್ದರೆ, ಆ ರೀತಿ ದಣಿಯುವುದಿಲ್ಲ. ಅಮೆರಿಕದ ಗ್ರೆಗ್ ಲೆಮಾಂಡ್ 1986ರ ಟೂರ್ ದ ಫ್ರಾನ್ಸ್ ಗೆದ್ದದ್ದು ಲುಕ್ ಕಂಪನಿಯ ಕಾರ್ಬನ್ ಫ್ರೇಮಿನ ಮೇಲೆ. ಆ ಕಾಲದ ಫ್ರೇಮುಗಳಲ್ಲಿ ಇಂದಿಗೂ ಓಡುತ್ತಿರುವವು ಇವೆ. ಪ್ರಶ್ನೆ ಇರುವುದು ಕೊಳವೆಗಳು ಒಂದಕ್ಕೊಂದು ಹೇಗೆ ಕೂಡಿಕೊಂಡಿವೆ ಮತ್ತು ಸೈಕಲ್ ಹಿಂದೆ ಎಲ್ಲಿ ಬಿದ್ದಿದೆ ಎಂಬುದರಲ್ಲಿ. 1980ರ ದಶಕದ ಮತ್ತು 1990ರ ದಶಕದ ಮೊದಲ ವರ್ಷಗಳ ಬಹುಪಾಲು ಕಾರ್ಬನ್ ಸೈಕಲ್ಲುಗಳಲ್ಲಿ ಕೊಳವೆ ಕಾರ್ಬನ್ನಿನದು, ಕೀಲು ಅಲ್ಯೂಮಿನಿಯಂನದು. ಅದೇ 1986ರಲ್ಲಿ ಬಂದ ಕೆಸ್ಟ್ರೆಲ್ 4000 ಎಂಬ ಫ್ರೇಮ್ ಲಗ್ಗುಗಳಿಲ್ಲದೆ ಇಡಿಯಾಗಿ ಕಾರ್ಬನ್ನಿನಲ್ಲೇ ಅಚ್ಚು ಹಾಕಿದ್ದು. ಟ್ರೆಕ್ ಕಂಪನಿ 1992ರಿಂದ ಮಾರಿದ ಓಸಿಎಲ್‌ವಿ ಫ್ರೇಮುಗಳಲ್ಲಿ, 1994ರ ಕೊಲ್ನಾಗೊ ಕಂಪನಿಯ ಸಿ40 ಫ್ರೇಮಿನಲ್ಲಿ ಲಗ್ಗುಗಳೂ ಕಾರ್ಬನ್ನಿನವೇ. ಕೊಳ್ಳುವವರು ಮೊದಲು ಕೇಳಬೇಕಾದದ್ದು ಹೆಸರನ್ನಲ್ಲ, ಈ ಎರಡು ಬಗೆಗಳಲ್ಲಿ ಇದು ಯಾವುದು ಎಂಬುದನ್ನು. ಎರಡನೆಯ ಬಗೆಯ ಫ್ರೇಮುಗಳಲ್ಲೂ ಬಾಟಮ್ ಬ್ರಾಕೆಟ್ (ಪೆಡಲಿನ ಬುಡದ ಅಚ್ಚು) ಕೂರುವ ಜಾಗದಲ್ಲಿ ಅಲ್ಯೂಮಿನಿಯಂ ಬಳೆಯೊಂದನ್ನು ಅಂಟಿಸಿರುವುದು ಸಾಮಾನ್ಯ. ಹಾಗಾಗಿ ಅವುಗಳನ್ನೂ ಕಣ್ಣು ಮುಚ್ಚಿ ಕೊಳ್ಳುವಂತಿಲ್ಲ.

ಅಲ್ಯೂಮಿನಿಯಂ ಮತ್ತು ಕಾರ್ಬನ್ ಒಂದನ್ನೊಂದು ತಾಗಿರುವಲ್ಲಿ ಉಪ್ಪುನೀರು ಸೇರಿದರೆ ಆ ಮೂರೂ ಸೇರಿ ಸಣ್ಣ ಬ್ಯಾಟರಿಯಂತೆ ಕೆಲಸ ಮಾಡುತ್ತವೆ. ಕಾರ್ಬನ್ ಹಾಗೇ ಉಳಿಯುತ್ತದೆ, ಅಲ್ಯೂಮಿನಿಯಂ ಸವೆಯುತ್ತದೆ. ಸವೆದ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಮೊದಲಿಗಿಂತ ಹೆಚ್ಚು ಜಾಗ ಹಿಡಿಯುವುದರಿಂದ ಸೀಟ್ ಪೋಸ್ಟ್ ಕೊಳವೆಯೊಳಗೆ ಬಿಗಿದುಕೊಳ್ಳುತ್ತದೆ, ಲಗ್ಗಿನೊಳಗಿನ ಅಂಟಿನ ಪದರ ಬಿಡುತ್ತ ಹೋಗುತ್ತದೆ. ಉಪ್ಪುನೀರು ಬರುವುದು ಸವಾರನ ಬೆವರಿನಿಂದಲೇ. ನಮ್ಮ ಬೇಸಿಗೆಯಲ್ಲಿ ಎರಡು ತಾಸು ತುಳಿದವನ ಬೆವರು ಸೀಟಿನ ಬುಡದಲ್ಲಿ ಇಳಿದು ಒಳಗಿನಿಂದಲೇ ಪೆಡಲಿನ ಬುಡದವರೆಗೆ ಹರಿಯುತ್ತದೆ. ನನ್ನ ಅಣ್ಣನ ಮಗನ ಸೈಕಲ್ಲಿನಲ್ಲಿ ಸಿಕ್ಕಿಬಿದ್ದಿದ್ದ ಸೀಟ್ ಪೋಸ್ಟೂ ಬಿಟ್ಟುಹೋದ ಕೆಳಗಿನ ಕೀಲೂ ಬೇರೆ ಬೇರೆ ದೋಷಗಳೆಂದು ಆಗ ನಾನು ತಿಳಿದಿದ್ದೆ. ಎಷ್ಟೋ ವರ್ಷ ಯಾರೂ ಪೋಸ್ಟನ್ನು ಹೊರತೆಗೆದು ಒರೆಸಿರಲಿಲ್ಲ. ಒಳಗೆ ನಿಂತ ತೇವವೇ ಮೇಲೆ ಅದನ್ನು ಹಿಡಿದಿತ್ತು, ಕೆಳಗೆ ಇದನ್ನು ಬಿಡಿಸಿತ್ತು.

ಆದ್ದರಿಂದ ಮಾರುವವರಲ್ಲಿ ನಾನು ಈಗ ಮೊದಲು ಕೇಳುವುದು, ಸೀಟ್ ಪೋಸ್ಟನ್ನು ಪೂರ್ತಿ ಹೊರತೆಗೆದು ಸೈಕಲ್ಲಿನ ಪಕ್ಕದಲ್ಲಿಟ್ಟು ತೆಗೆದ ಫೋಟೊ. ಇದಕ್ಕೆ ಐದು ನಿಮಿಷವೂ ಬೇಡ, ಒಂದೇ ಒಂದು ಬೋಲ್ಟು ಸಡಿಲಿಸಿದರೆ ಸಾಕು. ತೆಗೆಯಲಾಗುವುದಿಲ್ಲ ಎಂದರೆ ಬೆಲೆ ಎಷ್ಟೇ ಇಳಿಸಿದರೂ ಆ ಸೈಕಲ್ ನಮಗೆ ಬೇಡ. ಮನೆಗೆ ತಂದ ಮೇಲೆ ತೆಗೆದರಾಯಿತು ಎಂದುಕೊಳ್ಳುವವರಿಗೆ ಒಂದು ಮಾತು: ಪೈಪ್ ರೆಂಚ್ ಹಾಕಿ ತಿರುಚಿದರೆ ಕಾರ್ಬನ್ ಕೊಳವೆ ಸೀಳುತ್ತದೆ, ಬೆಂಕಿ ತೋರಿಸಿದರೆ ಅಂಟು ಮೆತ್ತಗಾಗುತ್ತದೆ, ಒಳಗಿನಿಂದ ಗರಗಸದ ಬ್ಲೇಡಿನಲ್ಲಿ ಉದ್ದಕ್ಕೆ ಕೊಯ್ದು ತೆಗೆಯುವುದಕ್ಕೆ ದಿನಗಟ್ಟಲೆ ತಾಳ್ಮೆ ಬೇಕು.

ಸಂಕ್ರಾಂತಿಗೆ ಇಲ್ಲಿ ಸಿದ್ಧೇಶ್ವರ ಜಾತ್ರೆಯ ದನದ ಸಂತೆ ಸೇರುತ್ತದೆ. ಅಲ್ಲಿ ನಮ್ಮ ರೈತರು ಎತ್ತಿನ ಹಲ್ಲು ನೋಡದೆ, ಅದನ್ನು ನಾಲ್ಕು ಹೆಜ್ಜೆ ನಡೆಸದೆ ಮಾತು ಮುಗಿಸುವುದಿಲ್ಲ. ಮಡಕೆ ಕೊಳ್ಳುವ ಹೆಣ್ಣುಮಕ್ಕಳು ಬೆರಳಿನಿಂದ ಬಡಿದು ಸದ್ದು ಕೇಳುತ್ತಾರೆ. ಕಾರ್ಬನ್ ಕೊಳವೆಗೂ ಅದೇ ಪರೀಕ್ಷೆ ಸಲ್ಲುತ್ತದೆ. ರೂಪಾಯಿ ನಾಣ್ಯದ ಅಂಚಿನಿಂದ ಕೊಳವೆಯುದ್ದಕ್ಕೂ ಅಂಗುಲಕ್ಕೊಮ್ಮೆ ಮೆಲ್ಲಗೆ ತಟ್ಟುತ್ತ ಹೋದರೆ ಗಟ್ಟಿ ಇರುವ ಕಡೆ ಟಕ್ ಎಂಬ ಸ್ಪಷ್ಟ ಸದ್ದು ಬರುತ್ತದೆ. ಒಳಗೆ ಪದರ ಬಿಟ್ಟಿದ್ದರೆ ಆ ಸದ್ದು ಒದ್ದೆ ಹಲಗೆಯ ಮೇಲೆ ತಟ್ಟಿದಂತೆ ಮಂಕಾಗುತ್ತದೆ. ಇದನ್ನೇ ಅಂತಿಮವೆಂದು ನಂಬಬಾರದು. ಕೊಳವೆಯ ದಪ್ಪ ಬದಲಾಗುವಲ್ಲಿ, ಲಗ್ಗಿನ ಹತ್ತಿರ ಬಂದಂತೆ ಸದ್ದು ಸಹಜವಾಗಿಯೇ ಬದಲಾಗುವುದರಿಂದ ಎಡಗಡೆಯ ಸದ್ದನ್ನು ಬಲಗಡೆಯ ಅದೇ ಜಾಗದ ಸದ್ದಿನೊಂದಿಗೆ ಹೋಲಿಸಿ ಕೇಳಬೇಕು. ಕೂದಲೆಳೆಯಷ್ಟು ಸಣ್ಣ ಬಿರುಕು ಈ ಪರೀಕ್ಷೆಗೆ ಸಿಗದೆಯೂ ಹೋಗಬಹುದು. ಅದಕ್ಕೆ ಒಳ್ಳೆಯ ಬಿಸಿಲಿನ ಬೆಳಕು, ಉಗುರು ಮತ್ತು ಒಂದು ತುಂಡು ಹತ್ತಿ ಬೇಕು. ಬಣ್ಣದ ಮೇಲಿನ ಗೆರೆಗೆ ಉಗುರು ಸಿಕ್ಕಿಕೊಳ್ಳದಿದ್ದರೆ ಅದು ಬಹುಶಃ ಬಣ್ಣದ್ದೇ ಬಿರುಕು. ಹತ್ತಿಯ ಎಳೆ ಹಿಡಿದುಕೊಂಡರೆ, ಹೆಬ್ಬೆರಳಿನಿಂದ ಒತ್ತಿದಾಗ ಆ ಜಾಗ ಮೆದುವಾಗಿ ಬಗ್ಗಿದರೆ, ಒಳಗಿನ ನೂಲು ಕಡಿದಿದೆ ಎಂದೇ ತಿಳಿಯಬೇಕು. ಲಗ್ಗಿನ ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದಿದ್ದರೆ, ಬಿಳಿ ಪುಡಿ ಕಂಡರೆ, ನಾಣ್ಯವನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬರಬಹುದು.

ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕನ್ನು ಬಿಚ್ಚಿಸದೆ ಹಣ ಕೊಡಲೇಬಾರದು. ಹಿಂದಿನ ಕೊಳವೆ ಸೀಳಿದರೆ ಸೈಕಲ್ ನಿಲ್ಲಿಸಲು ಸಮಯ ಸಿಗಬಹುದು. ಫೋರ್ಕಿನ ಮೇಲಿನ ಕಂಬ ಹ್ಯಾಂಡಲ್ ಕೆಳಗೆ ತುಂಡಾದರೆ ಸವಾರ ಮುಖ ಕೆಳಗಾಗಿ ಬೀಳುತ್ತಾನೆ. ಈ ಕಂಬ ಫ್ರೇಮಿನೊಳಗೆ ಅಡಗಿರುವುದರಿಂದ ಯಾವ ಫೋಟೊದಲ್ಲೂ ಕಾಣುವುದಿಲ್ಲ. ಹಳೆಯವುಗಳಲ್ಲಿ ಕಾಲುಗಳು ಕಾರ್ಬನ್ನಿನವು, ಕಂಬ ಅಲ್ಯೂಮಿನಿಯಂ ಅಥವಾ ಉಕ್ಕಿನದು ಇರುವುದುಂಟು. ಆಗ ಎರಡೂ ಸೇರುವ ತಲೆಯ ಬಳಿ ಅಂಟು ಬಿಟ್ಟಿದೆಯೇ ಎಂದು ನೋಡಬೇಕು. ಕಂಬವೂ ಕಾರ್ಬನ್ನಿನದಾಗಿದ್ದರೆ, ಹಿಂದಿನವರು ಹ್ಯಾಂಡಲನ್ನು ಕಂಬಕ್ಕೆ ಹಿಡಿಸುವ ಸ್ಟೆಮ್ಮಿನ ಬೋಲ್ಟನ್ನು ಮನಬಂದಂತೆ ಬಿಗಿದು ನಜ್ಜಿದ ಗುರುತು ಇದೆಯೇ ಎಂದು ನೋಡಬೇಕು. ಇಲ್ಲಿ ಬೋಲ್ಟುಗಳಿಗೆ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಸುಪಾಸಿನ ಬಿಗಿ ಸಾಕು. ಕೈ ಅಂದಾಜಿನಲ್ಲಿ ಬಿಗಿದವರು ಅದರ ಎರಡರಷ್ಟು ಬಿಗಿದಿರುತ್ತಾರೆ. ಬಿರುಕುಬಿಟ್ಟ ಕೊಳವೆಯನ್ನು ಬಲ್ಲವರ ಕೈಯಲ್ಲಿ ಹೊಸ ಕಾರ್ಬನ್ ಸುತ್ತಿಸಿ ಸರಿಪಡಿಸಿಕೊಳ್ಳಬಹುದು, ಕಂಬವನ್ನಲ್ಲ. ಫೋರ್ಕನ್ನೇ ಬದಲಿಸಬೇಕು, ಬದಲಿಸುವಾಗ ಹಳೆಯ ಫ್ರೇಮ್ ಒಂದು ಇಂಚಿನ ಕಂಬದ್ದೋ, ನಂತರ ಬಂದ ಒಂದೂ ಅರೆಕಾಲು ಇಂಚಿನದ್ದೋ, ಅಂದರೆ 1.125 ಇಂಚಿನದ್ದೋ ಎಂದು ಅಳೆದುಕೊಳ್ಳಬೇಕು. ಒಂದು ಇಂಚಿನ ಕಾರ್ಬನ್ ಫೋರ್ಕ್ ಈಗ ಸುಲಭಕ್ಕೆ ಸಿಗುವ ವಸ್ತುವಲ್ಲ.

ಉಳಿದ ಭಾಗಗಳು ಸವೆದಿದ್ದರೂ ಹೆದರಬೇಕಾಗಿಲ್ಲ, ಅವಕ್ಕೆ ಬೆಲೆ ಕಟ್ಟಬಹುದು. ಚೈನಿನ ಒಂದು ಪಿನ್ನಿನಿಂದ ಮುಂದಕ್ಕೆ ಎಣಿಸಿ 24ನೇ ಪಿನ್ನಿಗೆ ಸರಿಯಾಗಿ 12 ಇಂಚು ಇರಬೇಕು. ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಾಗಿದ್ದರೆ ಚೈನ್ ಬದಲಿಸಬೇಕೆಂದು ತಿಳಿದು ಅಷ್ಟು ಹಣ ಕಡಿಮೆ ಮಾಡಿಸಿಕೊಳ್ಳಬೇಕು. ರಿಮ್ಮಿನ ಬ್ರೇಕ್ ತಾಗುವ ಪಟ್ಟಿ ಒಳಕ್ಕೆ ತಗ್ಗಾಗಿದೆಯೇ ಎಂದು ಸವರಿ ನೋಡಬೇಕು. ಹಿಂದಿನ ಚಕ್ರ ಕೂರುವ ಜಾಗದ ಅಗಲವನ್ನು ಮಾತ್ರ ಮರೆಯದೆ ಅಳೆಯಬೇಕು. ಏಳು ಗೇರಿನ ಕಾಲದವು 126 ಮಿಲಿಮೀಟರ್, ಎಂಟು ಗೇರು ಬಂದ ಮೇಲಿನವು 130. ಉಕ್ಕಿನ ಫ್ರೇಮನ್ನು ಎಳೆದು ಅಗಲಿಸಿದಂತೆ ಕಾರ್ಬನ್ ಫ್ರೇಮನ್ನು ಅಗಲಿಸಲು ಹೋದರೆ ಅಲ್ಲಿಗೇ ಅದರ ಕಥೆ ಮುಗಿಯುತ್ತದೆ. ಟೈರಿಗೂ ಇದೇ ಮಾತು: ಈ ಫ್ರೇಮುಗಳಲ್ಲಿ 23 ಅಥವಾ ಹೆಚ್ಚೆಂದರೆ 25 ಮಿಲಿಮೀಟರ್ ಟೈರಷ್ಟೇ ಹಿಡಿಸುವುದರಿಂದ, ಡಾಂಬರು ಕಿತ್ತ ಹಳ್ಳಿ ರಸ್ತೆಯಲ್ಲೇ ದಿನವೂ ತುಳಿಯಬೇಕಾದ ಹುಡುಗನಿಗೆ ಅವು ಹೊಂದುವುದಿಲ್ಲ. ವಯಸ್ಸನ್ನು ಸುಳ್ಳು ಹೇಳುತ್ತಿದ್ದಾರೆ ಎಂಬ ಅನುಮಾನವಿದ್ದರೆ ಶಿಮಾನೊ ಕಂಪನಿಯ ಭಾಗಗಳ ಹಿಂಬದಿಯಲ್ಲಿ ಒತ್ತಿರುವ ಎರಡು ಇಂಗ್ಲಿಷ್ ಅಕ್ಷರ ನೋಡಬೇಕು. ಮೊದಲನೆಯದು ವರ್ಷ, ಎ ಎಂದರೆ 1976, ಝಡ್ ಎಂದರೆ 2001; ಎರಡನೆಯದು ತಿಂಗಳು. ಭಾಗಗಳನ್ನು ಬದಲಿಸಿರಬಹುದಾದರೂ, 2005ರದ್ದು ಎಂದು ಮಾರುವ ಸೈಕಲ್ಲಿನ ಎಲ್ಲ ಭಾಗಗಳೂ 1993ರವಾಗಿದ್ದರೆ ಕೇಳುವ ಹಕ್ಕು ನಮಗಿದೆ.

ಇಷ್ಟನ್ನೂ ನೋಡಿ ಕೊಂಡ ಸೈಕಲ್ ಬಾಳುತ್ತದೆ ಎಂಬುದಕ್ಕೂ ನನ್ನ ಕಣ್ಣೆದುರಿನ ಉದಾಹರಣೆ ಇದೆ. ಜಮಖಂಡಿ ಕಡೆಯ ನನ್ನ ವಿದ್ಯಾರ್ಥಿಯೊಬ್ಬಳು 2000ದ ಆಸುಪಾಸಿನ ಪೂರ್ಣ ಕಾರ್ಬನ್ ಫ್ರೇಮೊಂದನ್ನು, ತಂದೆಯೊಡನೆ ಪುಣೆಗೇ ಹೋಗಿ, ಪೋಸ್ಟು ಮತ್ತು ಫೋರ್ಕು ಬಿಚ್ಚಿಸಿ ನೋಡಿ ತಂದಳು. ಬಸ್ ಖರ್ಚು, ಒಂದು ದಿನದ ಕೂಲಿ ಹೋಯಿತು ಎಂದು ತಂದೆ ಅಂದು ಗೊಣಗಿದ್ದರಂತೆ. ಐದನೇ ವರ್ಷ ನಡೆಯುತ್ತಿದೆ; ತಿಂಗಳಿಗೊಮ್ಮೆ ಪೋಸ್ಟನ್ನು ಹೊರತೆಗೆದು ಒರೆಸಿ, ಕಾರ್ಬನ್ನಿಗೆಂದೇ ಸಿಗುವ ಪೇಸ್ಟ್ ಸವರಿ ಮತ್ತೆ ಕೂರಿಸುತ್ತಾಳೆ. ಆ ಸೈಕಲ್ಲಿನಿಂದ ನಾನು ಇದುವರೆಗೆ ಒಂದು ಅಪಸ್ವರ ಕೇಳಿಲ್ಲ.

ಹಳೆಯ ಸೈಕಲ್ ಮಾರುವ ನಗರದ ಸವಾರರಲ್ಲಿ ನನ್ನ ವಿನಂತಿ ಇಷ್ಟೇ: ಅದು ಎಂದಾದರೂ ಜೋರಾಗಿ ಬಿದ್ದಿದ್ದರೆ, ಕಾರಿನ ಮೇಲಿನ ಸ್ಟ್ಯಾಂಡಿನಿಂದ ಉರುಳಿದ್ದರೆ, ಅದನ್ನು ಮೊದಲೇ ಹೇಳಿಬಿಡಿ. ಬೆಲೆಯಲ್ಲಿ ಐದು ಸಾವಿರ ಇಳಿಯಬಹುದು. ಅದರ ಮೇಲೆ ಕೂರುವವನು ಹದಿನೇಳು ವರ್ಷದ ಹುಡುಗ, ತಾಸಿಗೆ ಐವತ್ತು ಕಿಲೋಮೀಟರ್ ವೇಗದಲ್ಲಿ ಇಳಿಜಾರು ಇಳಿಯುತ್ತಾನೆ. ಕ್ರೀಡಾ ನಿಲಯಗಳ ತರಬೇತುದಾರರು ಮತ್ತು ಸ್ಪರ್ಧೆ ನಡೆಸುವವರು ಆರಂಭದ ಗೆರೆಯಲ್ಲಿ ಹೆಲ್ಮೆಟ್ ಮತ್ತು ಬ್ರೇಕ್ ನೋಡಿದಂತೆ, ವರ್ಷಕ್ಕೊಮ್ಮೆಯಾದರೂ ಒಂದು ದಿನ ಗೊತ್ತುಮಾಡಿ ಹೊರಗಿನ ಮಕ್ಕಳ ಹಳೆಯ ಕಾರ್ಬನ್ ಸೈಕಲ್ಲುಗಳ ಪೋಸ್ಟು ಮತ್ತು ಫೋರ್ಕು ಬಿಚ್ಚಿ ನೋಡುವ ವ್ಯವಸ್ಥೆ ಮಾಡಿದರೆ ಬಹಳ ಉಪಕಾರವಾಗುತ್ತದೆ. ಅದಕ್ಕೆ ಬೇಕಾದದ್ದು ಬಿಗಿಯನ್ನು ಅಳೆಯುವ ಒಂದು ಟಾರ್ಕ್ ರೆಂಚ್, ನಾಲ್ಕು ಅಲೆನ್ ಕೀಲಿ, ಒಂದು ನಾಣ್ಯ ಮತ್ತು ಒಂದು ಭಾನುವಾರ. ರೆಂಚ್ ನನ್ನ ಬಳಿ ಇದೆ, ನಾನೂ ಬರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ವಿಜಯಪುರ